ನೊಗದಿನ್ನೆಯ ಗಾಳೆವ್ವ

ನವಣಿಹಾಳದ ಅಗಸೆಬಾಗಿಲು ದಾಟಿ ಪಡುವಣದ ಬಂಡಿದಾರಿ ಹಿಡಿದು ಎರಡು ಮೈಲಿ ನಡೆದರೆ ನೊಗದಿನ್ನೆ ಸಿಗುತ್ತದೆ. ಹೆಸರು ಕೇಳಿ ದೊಡ್ಡ ಗುಡ್ಡವನ್ನು ನೆನೆದು ಬಂದವರಿಗೆ ನಿರಾಸೆಯಾಗುತ್ತದೆ. ಎರಡಾಳು ಎತ್ತರದ ಮಣ್ಣಿನ ಉಬ್ಬು ಅದು. ನಾಲ್ಕೂ ಕಡೆ ಕಣ್ಣು ಹೋದಷ್ಟು ದೂರ ಎರೆಭೂಮಿ. ಹತ್ತಿ, ಕಡಲೆ, ಬಿಳಿಜೋಳ. ದಿನ್ನೆಯ ಸುತ್ತ ಒಂದು ನಲವತ್ತು ಎಕರೆ ಮಾತ್ರ ತಲೆಮಾರುಗಳಿಂದ ನೇಗಿಲು ಕಂಡಿಲ್ಲ, ಮೊಣಕಾಲೆತ್ತರ ಹುಲ್ಲು ಬೆಳೆದು ಬೇಸಿಗೆಯಲ್ಲಿ ಬೆಳ್ಳಗೆ ಒಣಗುತ್ತದೆ. ದಿನ್ನೆಯಾಚೆ ನೆಲ ತಗ್ಗಾಗುತ್ತ ಹೋಗಿ ಹಳ್ಳಕ್ಕೆ ಸೇರುತ್ತದೆ. ದಾರಿಯ ಮಗ್ಗುಲಲ್ಲಿ ಒಂದು ಫಲಕವಿದೆ, ಅದರ ಮೇಲೆ ಎರೆಭೂತ ಹಕ್ಕಿಯ ಚಿತ್ರ. ಬಿಸಿಲಿಗೆ ಬಣ್ಣ ಹೋಗಿ ಹಕ್ಕಿಯ ಕತ್ತು ಮಾತ್ರ ಉಳಿದಿದೆ. ಮೊಳದುದ್ದದ ಮಸೂರದ ಕ್ಯಾಮರಾ ಹೊತ್ತು ದೂರದ ಊರುಗಳಿಂದ ಬರುವವರು ಈ ಫಲಕದ ಮುಂದೆ ನಿಂತು, ಹಕ್ಕಿ ಎಲ್ಲಿ ಎಂದು ನಮ್ಮನ್ನು ಕೇಳುತ್ತಾರೆ. ಅದನ್ನು ಹೇಳಬೇಕಾದರೆ ಗಾಳೆವ್ವನಿಂದಲೇ ಶುರುಮಾಡಬೇಕು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಗಾಳೆವ್ವನ ಗಂಡನ ಅಣ್ಣನ ವಂಶ ನಮ್ಮದು. ಆದ್ದರಿಂದ ಈ ಕಥೆಯಲ್ಲಿ ಬರುವ ದೇಸಾಯಿಯ ಪರವಾಗಿ ನಾನು ಒಂದು ಒಳ್ಳೆಯ ಮಾತಾದರೂ ಆಡುತ್ತೇನೆಂದು ಯಾರೂ ಕಾಯಬೇಡಿ.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ಎರೆಭೂತಗಳು ನಮ್ಮ ದನಕರುಗಳಷ್ಟೇ ಸಾಮಾನ್ಯವಾಗಿದ್ದವು ಎನ್ನುತ್ತಾರೆ. ಮನುಷ್ಯನ ಸೊಂಟದವರೆಗೆ ಬರುವ ಹಕ್ಕಿ. ಕಂದು ಬೆನ್ನು, ಬಿಳಿಯ ಕತ್ತು, ನೆತ್ತಿಯ ಮೇಲೆ ಕರಿಯ ಟೊಪ್ಪಿಗೆ. ಮೋಡ ಕಟ್ಟಿದ ದಿನ ಗಂಡು ಹಕ್ಕಿ ಗಂಟಲ ಚೀಲ ಉಬ್ಬಿಸಿ, ಅದನ್ನು ನೆಲಕ್ಕೆ ತಾಗುವಷ್ಟು ಜೋಲುಬಿಟ್ಟು, ಬಾಲ ನಿಮಿರಿಸಿ ಹೂಂಕರಿಸುತ್ತಿತ್ತು. ಆ ದನಿ ಹರದಾರಿ ದೂರ ಕೇಳುತ್ತಿತ್ತಂತೆ. ಎರೆಯೊಳಗಿಂದ ಭೂತವೇ ಕೂಗಿದಂತೆ ಎಂದು ಪರಸ್ಥಳದವರು ಹೆದರುತ್ತಿದ್ದರು. ನಮ್ಮವರು ಹೆದರುತ್ತಿರಲಿಲ್ಲ. ಬೆಳೆಗೆ ಬೀಳುವ ಮಿಡತೆಗಳನ್ನೆಲ್ಲ ಆರಿಸಿ ತಿನ್ನುವ ಹಕ್ಕಿಗೆ ಯಾವ ರೈತ ಹೆದರುತ್ತಾನೆ? ಗಂಡನ್ನು ಬೂತಪ್ಪ ಎಂದೂ ಹೆಣ್ಣನ್ನು ಬೂತವ್ವ ಎಂದೂ ಬಾಯಿತುಂಬ ಕರೆಯುತ್ತಿದ್ದರು. ಬೂತವ್ವ ಗೂಡು ಕಟ್ಟುವವಳಲ್ಲ. ವರ್ಷಕ್ಕೆ ಒಂದೇ ತತ್ತಿ, ಅದೂ ಬರಿಯ ನೆಲದ ಮೇಲೆ. ಕುಂಟೆ ಹೊಡೆಯುವಾಗ ಯಾರ ಹೊಲದಲ್ಲಿ ತತ್ತಿ ಕಂಡರೂ ಎತ್ತು ನಿಲ್ಲಿಸಿ, ಕುಂಟೆ ಎತ್ತಿ, ಸುತ್ತ ಹತ್ತು ಮಾರು ನೆಲ ಬಿಟ್ಟು ತಿರುಗಿಸಬೇಕು. ಆ ಹೊಲದ ಮನೆಯ ಹೆಂಗಸು ಆ ಹಕ್ಕಿಯ ಬಾಣಂತನ ಹಿಡಿದಂತೆ. ಮರಿಯಾಗುವವರೆಗೂ ಆ ಹೊಲಕ್ಕೆ ಯಾರೂ ಕಾಲ್ನಡಿಗೆಯಲ್ಲಿ ಹೋಗುವಂತಿಲ್ಲ. ನಡೆದುಬರುವ ಮನುಷ್ಯನನ್ನು ಕಂಡರೆ ಬೂತವ್ವ ಎದ್ದು ಹಾರುತ್ತಾಳೆ, ತತ್ತಿ ಬಿಸಿಲಿಗೆ ಬೇಯುತ್ತದೆ. ಎತ್ತಿನ ಬಂಡಿಗೆ ಅವಳು ಏಳುವುದಿಲ್ಲ. ಆದ್ದರಿಂದ ಎತ್ತಿನ ಕೊರಳಿಗೆ ಗಂಟೆ ಕಟ್ಟಿ, ಬಂಡಿಯಲ್ಲಿ ಕುಳಿತು, ಬಾಯಿ ಮುಚ್ಚಿಕೊಂಡು ಹೋಗಿ ಬರಬೇಕು. ಹೀಗೆ ತಲೆತಲಾಂತರದಿಂದ ನಡೆದು, ಗಂಟೆಯ ಸದ್ದು ಕೇಳಿದರೆ ಹಕ್ಕಿ ಕತ್ತು ಕೂಡ ತಿರುಗಿಸದಷ್ಟು ನಂಬಿಕೆ ಬೆಳೆದಿತ್ತು.

ಗಾಳೆವ್ವ ಹುಲುಗಪ್ಪನೆಂಬ ಒಕ್ಕಲಿನವನ ಹೆಂಡತಿ. ಮೂರು ಸಲ ಬಸಿರಾಗಿ ಮೂರೂ ನಿಂತಿರಲಿಲ್ಲ. ನಾಲ್ಕನೆಯ ಸಲ ಐದು ತಿಂಗಳಾಗಿದ್ದಾಗ, ಮಘೆಯ ಮಳೆ ಬರಬೇಕಾದ ಹೊತ್ತಿನಲ್ಲಿ, ದಿನ್ನೆಯ ಕೆಳಗಿನ ಅವರ ಹೊಲದಲ್ಲಿ ಬೂತವ್ವ ತತ್ತಿಯಿಟ್ಟಳು. ಊರಿನ ಮುದುಕಿಯರು ಗಾಳೆವ್ವನ ಗಲ್ಲ ಹಿಡಿದು, ಈ ಸಲ ನಿನ್ನದು ನಿಲ್ಲುತ್ತದೆ ಎಂದರು. ಆಕೆ ದಿನ್ನೆಯ ಮೇಲೆ ನಿಂತು ಹರಕೆ ಹೊತ್ತಳು: ನಿನ್ನ ಮರಿ ನಾನು ಕಾಯುತ್ತೇನೆ, ನನ್ನ ಕೂಸು ನೀನು ಕಾಯಿ. ಅಂದಿನಿಂದ ದಿನವೂ ಬಂಡಿಯಲ್ಲಿ ಹೋಗಿ, ದೂರದಿಂದಲೇ ಬಿಳಿಯ ಕತ್ತು ಕಂಡು, ಮನೆಗೆ ಬಂದ ಮೇಲೆಯೇ ಬಾಯಿಗೆ ನೀರು ಹಾಕುತ್ತಿದ್ದಳು.

ಆಗ ಈ ಸೀಮೆಯ ದೇಸಗತಿ ಕೆಂಗಲ್ಲ ವಾಡೆಯ ಮಲ್ಲರಸ ದೇಸಾಯಿಯ ಕೈಯಲ್ಲಿತ್ತು. ಕೆಂಪು ನೆಲದಲ್ಲಿ, ಕಲ್ಲುಗುಡ್ಡದ ಮೇಲೆ ಹುಟ್ಟಿ ಬೆಳೆದವನು. ಎರೆಯಿಂದ ಬರುವ ಜೋಳ ಅವನಿಗೆ ಗೊತ್ತಿತ್ತೇ ಹೊರತು ಎರೆ ಗೊತ್ತಿರಲಿಲ್ಲ. ಅವನ ಮನೆಗೆ ಬೀಗರು ಬಂದಿದ್ದರು. ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆದು, ಎರೆಭೂತದ ಬಾಡು ತಿನ್ನಿಸುತ್ತೇನೆಂದು ದೇಸಾಯಿ ಪಣತೊಟ್ಟ. ಮೂರು ದಿನ ಕುದುರೆಯ ಮೇಲೆ ಅಲೆದ. ಹಕ್ಕಿಗಳು ಕೂಗಳತೆಗೂ ಸೇರಿಸಲಿಲ್ಲ. ನಾಲ್ಕನೆಯ ದಿನ ಯಾರೋ ಅವನ ಕಿವಿಯಲ್ಲಿ ಬಂಡಿಯ ಗುಟ್ಟು ಊದಿದರು. ಯಾರೆಂದು ನಮಗೆ ಗೊತ್ತು. ಆ ಮನೆಯವರಿಗೆ ನಮ್ಮೂರಲ್ಲಿ ಇಂದಿಗೂ ಯಾರೂ ಹೆಣ್ಣು ಕೊಡುವುದಿಲ್ಲ. ದೇಸಾಯಿ ಹುಲುಗಪ್ಪನನ್ನು ಕರೆಸಿ, ಬೀಗರಿಗೆ ಹೊಲದ ಸೀಮೆ ತೋರಿಸಬೇಕು, ನಿನ್ನ ಬಂಡಿ ತಾ ಎಂದ. ಎಂದಿಲ್ಲದ ಪ್ರೀತಿಯಿಂದ ಅವನ ತಲೆಗೆ ಜರಿಯಂಚಿನ ರುಮಾಲು ಸುತ್ತಿಸಿದ. ಬಡವನ ತಲೆಗೆ ಜರಿ ಬಿದ್ದರೆ ಕಣ್ಣು ಮುಚ್ಚಿಹೋಗುತ್ತದೆ. ಅರ್ಧ ದಾರಿಯಲ್ಲಿ ಮೇವಿನ ಹುಲ್ಲಿನ ಅಡಿಯಿಂದ ಕೋವಿಯ ಮೂತಿ ಇಣುಕಿದ್ದನ್ನು ಹುಲುಗಪ್ಪ ನೋಡಿದ. ನೋಡಿಯೂ ಎತ್ತು ತಿರುಗಿಸಲಿಲ್ಲ. ಈ ಮಾತನ್ನು ಅವನೇ ಸಾಯುವ ಮುಂಚೆ ಒಪ್ಪಿಕೊಂಡನೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ.

ಗಂಟೆಯ ಸದ್ದಿಗೆ ಬೂತವ್ವ ಏಳಲಿಲ್ಲ. ಬಂಡಿ ಹತ್ತು ಮಾರಿಗೆ ಬಂದಿತು, ಐದು ಮಾರಿಗೆ ಬಂದಿತು. ತತ್ತಿಯ ಮೇಲೆ ಕುಳಿತೇ ಇದ್ದಳು. ಅಷ್ಟು ಹತ್ತಿರದಿಂದ ಕಣ್ಣಿಲ್ಲದವನೂ ಹೊಡೆಯಬಲ್ಲ. ದೇಸಾಯಿ ಹೊಡೆದ, ಹಕ್ಕಿಯ ಕಾಲು ಹಿಡಿದು ಎತ್ತಿದ, ತತ್ತಿಯನ್ನು ಕಾಲ್ಜೋಡಿನ ತುದಿಯಿಂದ ಪಕ್ಕಕ್ಕೆ ತಳ್ಳಿ ಬಂಡಿ ಹತ್ತಿದ. ಆ ರಾತ್ರಿ ವಾಡೆಯಲ್ಲಿ ಬೀಗರು ಬಾಡು ತಿಂದು, ಕಾವಿಗೆ ಕೂತ ಕೋಳಿ ಹೊಡೆದಂತಾಯಿತಲ್ಲ, ಗಂಡು ಹೊಡೆದಿದ್ದರೆ ಗಂಡಸುತನ ಎಂದು ನಕ್ಕರಂತೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಸುದ್ದಿ ಕೇಳಿ ಹೊಲಕ್ಕೆ ಓಡಿದ ಗಾಳೆವ್ವ ತತ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದಳು. ಬುಟ್ಟಿಯಲ್ಲಿ ಹತ್ತಿ ತುಂಬಿ ಅದರೊಳಗಿಟ್ಟಳು. ಕಾವಿನ ಕೋಳಿಯನ್ನು ಅದರ ಮೇಲೆ ಕೂರಿಸಿದಳು. ಕೋಳಿ ಅಷ್ಟು ದೊಡ್ಡ ತತ್ತಿಗೆ ಬೆದರಿ ಇಳಿದುಹೋದಾಗ ತನ್ನ ಹೊಟ್ಟೆಗೇ ಒತ್ತಿಕೊಂಡು ಮಲಗಿದಳು. ಒಂದೆಡೆ ಒಳಗಿನ ಕೂಸು, ಒಂದೆಡೆ ಹೊರಗಿನ ಮರಿ; ನಡುವೆ ಆಕೆಯ ತೊಗಲಷ್ಟೇ ಅಡ್ಡ. ಹುಬ್ಬೆ ಮಳೆಯ ಕಾಲ ಮುಗಿಯುವ ಹೊತ್ತಿಗೆ ತತ್ತಿ ನಾರತೊಡಗಿತು. ಒಡೆದು ನೋಡಿದರೆ ಒಳಗೆ ಪುಕ್ಕ ಮೂಡಿದ ಮರಿ, ಸತ್ತಿತ್ತು. ಅದೇ ವಾರ ಆಕೆಯ ಹೊಟ್ಟೆಯೊಳಗಿನ ಮಿಸುಕಾಟವೂ ನಿಂತಿತು. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಓದಿದವರು ಕೇಳಬಹುದು. ಗಾಳೆವ್ವ ಕೇಳಲಿಲ್ಲ. ಎರಡನ್ನೂ ಒಂದೇ ಕುಣಿಯಲ್ಲಿ, ದಿನ್ನೆಯ ಮಗ್ಗುಲಲ್ಲಿ ಹೂಳಿ ಬಂದಳು. ಜರಿಯ ರುಮಾಲನ್ನು ಒಲೆಗೆ ಹಾಕಿದಳು. ಗಂಡನಿಗೆ ಎರಡು ಹೊತ್ತು ರೊಟ್ಟಿ ಬಡಿದು ಹಾಕಿದಳು, ಮಾತು ಮಾತ್ರ ಆಡಲಿಲ್ಲ. ಸೇಡು ತೀರದೆ ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲವೆಂದು ನಿಶ್ಚಯಿಸಿದಳೆಂದು ಹೇಳುತ್ತಾರೆ.

ಆ ವರ್ಷ ಮಘೆ, ಹುಬ್ಬೆ, ಉತ್ತರೆ ಮೂರೂ ಕೈಕೊಟ್ಟಿದ್ದವು. ಎರೆಯೆಲ್ಲ ಬಿರಿದು ಕಾಲು ಸಿಕ್ಕಿಕೊಳ್ಳುವಂಥ ಬಿರುಕುಗಳು. ಎರೆ ಒಣಗಿದಾಗ ಕಲ್ಲು, ನೆನೆದಾಗ ಬಾಯಿ. ಒಣಗಿದ ಎರೆಯ ಮೇಲೆ ಒಮ್ಮೆಗೇ ಮಳೆ ಸುರಿದರೆ, ಆ ಬಿರುಕುಗಳೆಲ್ಲ ನೀರು ಕುಡಿದು, ಮಣ್ಣು ಅಂಟಾಗಿ, ಇಟ್ಟ ಕಾಲನ್ನು ಮರಳಿ ಕೊಡುವುದಿಲ್ಲ. ಮೂರು ದಿನ ಎತ್ತಾಗಲಿ, ಕುದುರೆಯಾಗಲಿ ಅಲ್ಲಿ ಇಳಿಯುವಂತಿಲ್ಲ. ಇದು ಎರೆಸೀಮೆಯ ಹಸುಗೂಸಿಗೂ ಗೊತ್ತು. ಗಾಳೆವ್ವ ದಿನ್ನೆಯ ಮೇಲೆ ಕುಳಿತು ಹಸ್ತದ ಮಳೆಗೆ ಕಾದಳು. ಇರುವೆಗಳು ತತ್ತಿ ಕಚ್ಚಿಕೊಂಡು ಮೇಲಕ್ಕೆ ಹೋಗತೊಡಗಿದ ದಿನ, ಪಡುವಣದಲ್ಲಿ ಕರ್ರಗೆ ಮೋಡ ಎದ್ದ ದಿನ ಬೆಳಿಗ್ಗೆ, ವಾಡೆಗೆ ಹೋಗಿ ದೇಸಾಯಿಯ ಮುಂದೆ ನಿಂತಳು. ಅವನಿಗೆ ಆಕೆ ಯಾರೆಂಬುದೂ ನೆನಪಿರಲಿಲ್ಲ. ಹೊಡೆದವನು ಮರೆಯುತ್ತಾನೆ, ಹೊಡೆಸಿಕೊಂಡವನಿಗೆ ಮರೆವೆಲ್ಲಿ?

“ಗಂಡು ಬೂತಪ್ಪ ಎಲ್ಲಿ ಕುಣಿತಾನ ಅನ್ನೂದು ನನಗ ಗೊತ್ತೈತ್ರಿ, ಧಣೇರ. ನಮ್ಮ ಬಂಡ್ಯಾಗ ಬರ್ರಿ, ತೋರಸ್ತೀನಿ. ಆದ್ರ ಒಬ್ಬರ ಬರಬೇಕ್ರಿ. ಬಾಳ ಮಂದಿ ಕುಂತರ ಹಕ್ಕಿ ಹಾರತಾವು,” ಎಂದಳು.

ಬೀಗರ ನಗೆ ಇನ್ನೂ ಕಿವಿಯಲ್ಲಿದ್ದ ದೇಸಾಯಿ ಕೋವಿ ಹಿಡಿದು ಒಬ್ಬನೇ ಹೊರಟ. ಹುಲುಗಪ್ಪನಿಗೆ ಜ್ವರವೆಂದು ಹೇಳಿ ಗಾಳೆವ್ವನೇ ಬಂಡಿ ಹೊಡೆದಳು. ದಿನ್ನೆಯ ಹತ್ತಿರ ಬರುವಾಗ ಮಧ್ಯಾಹ್ನವಾಗಿತ್ತು. ದೇಸಾಯಿ ತಲೆಯೆತ್ತಿ ನೋಡಿದ.

“ಮಳಿ ಬರೂ ಹಂಗ ಐತಲ್ಲ?”

“ಬರಲ್ಯಾಕ್ರಿ, ಧಣೇರ. ಮಳಿ ಬಂದರ ಗಂಡು ಹಕ್ಕಿಗೆ ಹುರುಪು. ನಿಮ್ಮ ಪುಣ್ಯಾ ದೊಡ್ಡದು.”

ದಿನ್ನೆಯಾಚೆಯ ತಗ್ಗಿನಲ್ಲಿ ಬೂತಪ್ಪ ನಿಂತಿದ್ದ. ತಂಪುಗಾಳಿ ಬೀಸಿ ಮೊದಲ ಹನಿ ಬಿದ್ದೊಡನೆ ಗಂಟಲು ಉಬ್ಬಿಸಿ ಹೂಂಕರಿಸತೊಡಗಿದ. ಗಾಳೆವ್ವ ಆ ಹಕ್ಕಿಯನ್ನು ಉಳಿಸಬಹುದಿತ್ತು. ಒಮ್ಮೆ ಕೈಯೆತ್ತಿ ಕೂಗಿದ್ದರೆ ಸಾಕಿತ್ತು, ಹಾರಿಹೋಗುತ್ತಿತ್ತು. ಆದರೆ ದೇಸಾಯಿ ಬಂಡಿಯಿಂದ ಇಳಿಯಬೇಕಿತ್ತು. ಹಕ್ಕಿ ಬೀಳದೆ ಅವನು ಇಳಿಯುವವನಲ್ಲ. ಆಕೆ ಎತ್ತುಗಳನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟಳು. ಗಂಟೆಯ ಸದ್ದು ಕೇಳಿ ಬೂತಪ್ಪ ಕುಣಿತ ನಿಲ್ಲಿಸಲಿಲ್ಲ. ಕೋವಿ ಹಾರಿತು, ಹಕ್ಕಿ ತಗ್ಗಿನೊಳಗೆ ಬಿದ್ದಿತು. ಹೋಗಿ ಎತ್ತಿಕೊಂಡು ಬಾ ಎಂದು ದೇಸಾಯಿ ಆಕೆಗೆ ಹೇಳಿದ. ಹೊಟ್ಟೆ ಇಳಿದಾಗಿನಿಂದ ನಡ ಹಿಡಿದಿದೆ, ಬಗ್ಗಲಾರೆ ಎಂದಳು. ಅವನು ಬೈದುಕೊಳ್ಳುತ್ತ ತೊಗಲಿನ ಜೋಡು ಮೆಟ್ಟಿಕೊಂಡೇ ಇಳಿದು ನಡೆದ. ಹಕ್ಕಿಯ ಕಾಲು ಹಿಡಿಯುವ ಹೊತ್ತಿಗೆ ಮೇಲಿನಿಂದ ಕೊಡ ಬೋರಲು ಹಾಕಿದಂತೆ ಮಳೆ ಸುರಿಯಿತು.

ತಿರುಗಿ ಹತ್ತು ಹೆಜ್ಜೆ ಬರುವುದರೊಳಗೆ ಜೋಡಿಗೆ ಮಣಮಣ ಮಣ್ಣು ಮೆತ್ತಿತು. ಒಂದು ಕಾಲು ಕಿತ್ತರೆ ಇನ್ನೊಂದು ಮೊಣಕಾಲಿನವರೆಗೆ ಹೋಯಿತು, ಅದನ್ನು ಕೀಳಲು ಹೋದರೆ ಮೊದಲಿನದು ತೊಡೆಯವರೆಗೆ ಇಳಿಯಿತು. ಬಂಡಿಯ ಗಾಲಿಗಳೂ ಅಚ್ಚಿನವರೆಗೆ ಹೂತಿದ್ದವು. ಗಾಳೆವ್ವ ಇಳಿದು, ಎತ್ತುಗಳನ್ನು ಬಿಚ್ಚಿ ಮೈ ತಟ್ಟಿ ದಿನ್ನೆಯ ಗಟ್ಟಿ ಹುಲ್ಲುನೆಲದ ಕಡೆಗೆ ಹೊಡೆದಳು. ನೊಗವನ್ನು ತನ್ನ ಹೆಗಲ ಮೇಲೆ ಹೊತ್ತುಕೊಂಡಳು. ಬರಿಗಾಲಿನಲ್ಲಿ ಹುಲ್ಲಿನ ಬುಡ ನೋಡಿ ನೋಡಿ ಕಾಲಿಡುತ್ತ ದಿನ್ನೆ ಏರತೊಡಗಿದಳು. ಹಿಂದಿನಿಂದ ದೇಸಾಯಿ ಮೊದಲು ಬೈದ, ಆಮೇಲೆ ಹೆದರಿಸಿದ, ಆಮೇಲೆ ಹೊಲ ಬರೆದುಕೊಡುತ್ತೇನೆ ಎಂದ, ಕೊನೆಗೆ ತಂಗೀ ಎಂದು ಕರೆದ. ಆ ಮಾತಿಗೆ ಆಕೆ ನಿಂತು ತಿರುಗಿದಳು.

“ಆಕಿ ತತ್ತಿ ಮ್ಯಾಲೆ ಕುಂತಿದ್ಲು, ಬಂಡಿ ಬಂದರೂ ಏಳಲಿಲ್ಲ. ನೀನೂ ಏಳಬ್ಯಾಡ, ಅಲ್ಲೇ ಕುಂದರು.”

ಸಂಜೆಗೆ ಹಳ್ಳ ತುಂಬಿ ಬಂದಿತು. ಹುಡುಕಿಕೊಂಡು ಬಂದ ಕೆಂಗಲ್ಲ ವಾಡೆಯ ಆಳುಗಳು ಆಚೆ ದಂಡೆಯಲ್ಲಿ ನಿಂತು ನೋಡಿದರು. ಕುದುರೆ ಇಳಿಸಿದವನ ಕುದುರೆ ಹೂತಿತು, ಹಗ್ಗ ಎಸೆದವನ ಹಗ್ಗ ಮುಟ್ಟಲಿಲ್ಲ. ಒಡೆಯನ ಕೂಗು ಕೇಳುತ್ತಲೇ ಇತ್ತು, ನೀರು ಎದೆಗೆ ಬರುವವರೆಗೂ. ಮೂರನೆಯ ದಿನ ನೀರು ಇಳಿದಾಗ ಅವನು ನಿಂತಲ್ಲೇ ನಿಂತಿದ್ದ, ಸೊಂಟದವರೆಗೆ ಎರೆಯಲ್ಲಿ, ಕೈಯಲ್ಲಿ ಹಕ್ಕಿಯ ಕಾಲು. ಮಾಡಿದ್ದುಣ್ಣೋ ಮಹಾರಾಯ. ನಮ್ಮ ಅಜ್ಜಂದಿರು ಈ ಭಾಗ ಹೇಳುವಾಗ ಎಲೆಯಡಿಕೆ ಹಾಕಿಕೊಂಡು, ಸವಿದು ಸವಿದು ಹೇಳುತ್ತಿದ್ದರು. ನನಗೂ ಹಾಗೆಯೇ ಹೇಳುವ ಆಸೆ. ವಾಡೆಯವರು ವಿಚಾರಣೆಗೆ ಬಂದಾಗ ಊರಿಗೆ ಊರೇ ಒಂದೇ ಮಾತು ಹೇಳಿತು: ಧಣೇರು ಹಕ್ಕಿ ಹಿಡಿಯಲು ಇಳಿದರು, ಮಳೆ ಬಂತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗಾಳೆವ್ವ ಅಂದು ತಲೆಗೆ ಎಣ್ಣೆ ಹಚ್ಚಿಕೊಂಡು ಮಿಂದಳು, ಗಂಡನನ್ನು ಮಾತನಾಡಿಸಿದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ದಿನ್ನೆಗೆ ದೇಸಾಯಿಯ ಹೆಸರೇ ಬೀಳುತ್ತಿತ್ತೋ ಏನೋ. ಮರುವರ್ಷ ಕುಂಟೆ ಹೊಡೆಯುವ ಕಾಲಕ್ಕೆ ಹಕ್ಕಿಗಳು ಬಂದವು. ಬಂಡಿಯ ಗಂಟೆ ಹರದಾರಿ ದೂರದಲ್ಲಿ ಕೇಳಿದ್ದೇ ತಡ, ಎಲ್ಲವೂ ಎದ್ದು ಹಾರಿದವು. ಒಬ್ಬಳು ಬೂತವ್ವ ತತ್ತಿಯನ್ನೇ ಬಿಟ್ಟು ಹಾರಿದಳು, ಮರಳಿ ಬರಲಿಲ್ಲ. ಒಮ್ಮೆ ಮೋಸಹೋದದ್ದನ್ನು ಅವು ಮರೆತಿದ್ದವೇನೋ, ಎರಡನೆಯದನ್ನು ಮರೆಯಲಿಲ್ಲ. ಆ ಎರಡನೆಯ ಸಲ ಎತ್ತು ಹೊಡೆದವಳು ಗಾಳೆವ್ವ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಆಕೆ ಗಂಟೆ ಬಿಚ್ಚಿ ನೋಡಿದಳು, ಎತ್ತು ಬದಲಿಸಿ ನೋಡಿದಳು. ಕೊನೆಗೆ ಎತ್ತುಗಳನ್ನು ಬಿಚ್ಚಿ ಹಿಂದೆ ಬಿಟ್ಟು, ತಾನೇ ನೊಗಕ್ಕೆ ಹೆಗಲು ಕೊಟ್ಟು, ದಿನ್ನೆಯ ಈ ಬದಿಯಿಂದ ಆ ಬದಿಯವರೆಗೆ ಬಂಡಿ ಎಳೆದಳು. ತಪ್ಪು ಮಾಡಿದ್ದು ಎತ್ತಲ್ಲ, ಮನುಷ್ಯ. ನೊಗದಲ್ಲಿ ಇರುವವನನ್ನು ಹಕ್ಕಿ ಕಣ್ಣಾರೆ ನೋಡಲಿ ಎಂದಳಂತೆ. ಹುಲುಗಪ್ಪ ಇನ್ನೊಂದು ಬದಿಗೆ ಹೆಗಲು ಕೊಟ್ಟ. ಗಂಡಹೆಂಡಿರು ಬದುಕಿರುವವರೆಗೂ ಹೀಗೆಯೇ ಎಳೆದರು. ಅವರಿಗೆ ಮಕ್ಕಳಾಗಲಿಲ್ಲ. ಇಬ್ಬರೂ ತೀರಿಕೊಂಡ ಮೇಲೆ ಊರಿನವರು ಆ ನೊಗವನ್ನು ದಿನ್ನೆಯ ನೆತ್ತಿಯಲ್ಲಿ ನೆಟ್ಟರು, ಅಂದಿನಿಂದ ಅದು ನೊಗದಿನ್ನೆ. ನೆಟ್ಟ ನೊಗ ಎಂದೋ ಗೆದ್ದಲಿಗೆ ಹೋಯಿತು, ಹೆಸರು ಉಳಿಯಿತು.

ಈಗಲೂ ಅಲ್ಲಿಗೆ ಬಂದವರು ನೋಡುವುದು ಇಷ್ಟು: ದಿನ್ನೆಯ ಹತ್ತಿರ ಬಂಡಿ ನಿಲ್ಲುತ್ತದೆ, ಎತ್ತು ಬಿಚ್ಚುತ್ತಾರೆ, ಮನೆಯ ಗಂಡಸರು ಹೆಂಗಸರು ನೊಗ ಹೊತ್ತು ಇನ್ನೂರು ಹೆಜ್ಜೆ ಎಳೆಯುತ್ತಾರೆ; ಎತ್ತುಗಳು ಬಾಲ ಬೀಸುತ್ತ ಹಿಂದಿನಿಂದ ಬರುತ್ತವೆ. ಟ್ರ್ಯಾಕ್ಟರಿನವರು ಮೂರು ಮೈಲಿ ಸುತ್ತು ಹಾಕುತ್ತಾರೆ. ಕೆಲವು ವರ್ಷಗಳ ಹಿಂದೆ ಕೆಂಗಲ್ಲ ವಾಡೆಯ ವಂಶದವನೊಬ್ಬ ಹಿರಿಯರು ಸತ್ತ ಜಾಗ ನೋಡುತ್ತೇನೆಂದು ಜೀಪಿನಲ್ಲಿ ಬಂದಿದ್ದ. ನಾವು ಅವನನ್ನು ಇಳಿಸಿ, ಎಂಜಿನ್ ನಿಲ್ಲಿಸಿ, ಇನ್ನೂರು ಹೆಜ್ಜೆ ಜೀಪು ತಳ್ಳಿಸಿದೆವು. ಯಾರೂ ಕೈ ಹಾಕಲಿಲ್ಲ. ನಾನಂತೂ ಕೊನೆಯವರೆಗೂ ನಿಂತು ನೋಡಿದೆ, ಬಹಳ ಸುಖವಾಯಿತು.

ಹೋದ ಸುಗ್ಗಿಯಲ್ಲಿ ಕ್ಯಾಮರಾ ಹೊತ್ತ ಒಬ್ಬಾಕೆ, ಬಂಡಿ ಎಳೆಯುತ್ತಿದ್ದ ನಮ್ಮ ದುರುಗಜ್ಜನನ್ನು ತಡೆದು ಕೇಳಿದಳು. ಎಪ್ಪತ್ತು ದಾಟಿದವನು, ಹೆಗಲ ಮೇಲೆ ಎತ್ತಿಗಿರುವಂತೆ ಜಡ್ಡುಗಟ್ಟಿದೆ. ದೇಸಾಯಿ ಸತ್ತು ಅಷ್ಟು ತಲೆಮಾರಾಯಿತು, ನಿಮ್ಮ ಸೇಡು ತೀರಿತಲ್ಲ ಅಜ್ಜ, ಇನ್ನೂ ಯಾಕೆ ಎಳೆಯುತ್ತೀರಿ ಎಂದಳು.

“ನಮ್ಮ ಸೇಡು ಒಂದ ಮಧ್ಯಾಹ್ನದಾಗ ತೀರಿತವ್ವ,” ಎಂದ ದುರುಗಜ್ಜ. “ಹಕ್ಕೀದು ಇನ್ನೂ ತೀರಿಲ್ಲ. ನಾ ಸಣ್ಣಾಂವ ಇದ್ದಾಗ ಇಲ್ಲಿ ಏಳು ಇದ್ದವು. ನನ್ನ ಮಗ ಎರಡು ನೋಡ್ಯಾನ. ಮೊಮ್ಮಕ್ಕಳು ಒಂದೂ ನೋಡಿಲ್ಲ.”

ಆಕೆ ಕ್ಯಾಮರಾ ಕೆಳಗಿಟ್ಟು, ನಾನೂ ಹಿಡಿಯಲೇ ಎಂದು ಕೇಳಿದಳು. ದುರುಗಜ್ಜ ಸರಿದು ನೊಗದಲ್ಲಿ ಜಾಗ ಬಿಟ್ಟ.